ನೂರು ತೋರಿಸಿದ ಮೀಟರು

"ಅಜ್ಜಾರ, ಬೆಳಗಿನ ಆ ಒಂದು ತಾಸು ಮೌನ ನನಗ ಯಾಕ ಬೇಕು? ಅದನ್ನೂ ಮಂದಿಗೇ ಕೊಟ್ಟರ ಆಗೂದಿಲ್ಲೇನು?" ಎಂದು ಚನ್ನವೀರ ಕೇಳಿದ.

ಮಠಕ್ಕೆ ದುಃಖ ಹೇಳಿಕೊಳ್ಳಲು ಬರುವವರ ಮಾತು ಕೇಳುವುದು ಈ ಶಿಷ್ಯನ ಸೇವೆ. ಮೌನದ ಆ ತಾಸು ಬಿಟ್ಟರೆ ಅವನ ಕೋಣೆಯ ಬಾಗಿಲು ಹಾಕಿದ್ದನ್ನು ಕಂಡವರಿಲ್ಲ. ಆದರೆ ಹಿಂದಿನ ದಿನ, ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಅವನೆದುರು ಕೂತು ಹೇಳುತ್ತಾ ಹೇಳುತ್ತಾ ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗಿದ್ದಳು. ಅವನು ತಲೆಯಾಡಿಸುತ್ತಲೇ ಇದ್ದ. ಎಲ್ಲರಿಗೂ ಹೇಳುವ ಸಮಾಧಾನವನ್ನೇ ಅವಳಿಗೂ ಹೇಳಿದ್ದ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ತಾನು ಕೊಡುವ ಹೊತ್ತು ಸಾಲುತ್ತಿಲ್ಲ ಎಂದೇ ಅವನು ತಿಳಿದಿದ್ದ.

ಮಠದ ಸ್ವಾಮಿಗಳಾದ ಅಜ್ಜನವರು ಪೂರ್ವಾಶ್ರಮದಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡಿದವರು. ಪುರಾಣ ಕೇಳಲು ಬಂದವರಿಗೂ ಅವರಿಂದ ಎಂಜಿನ್ನಿನ ಕತೆಯೇ ಸಿಗುತ್ತದೆಂದು ಮಠದಲ್ಲಿ ತಮಾಷೆ ಮಾಡುವುದುಂಟು. ಅಂದೂ ಹಾಗೆಯೇ ಆಯಿತು.

ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಕಾರಿನ ಹುಚ್ಚು. ಒಬ್ಬ ಮೆಕ್ಯಾನಿಕ್ಕನನ್ನು ಹಿಡಿದು, ಕಾರಿನ ಶಕ್ತಿ ಹೆಚ್ಚಲೆಂದು ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗುವಂತೆ ಮಾಡಿಸಿಕೊಂಡ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಪೆಟ್ರೋಲು ಸಿಂಪಡಿಸುವುದು ಇಂಜೆಕ್ಟರ್ ಎಂಬ ಸಣ್ಣ ನಳಿಕೆ. ಎಂಜಿನ್ನಿನ ಪ್ರತಿ ಆವರ್ತಕ್ಕೂ ಅದು ತೆರೆದು ಮುಚ್ಚಬೇಕು. ಆ ಹೊತ್ತಿನಲ್ಲಿ ನೂರಕ್ಕೆ ಎಷ್ಟು ಪಾಲು ಅದು ತೆರೆದಿರುತ್ತದೆ ಎಂಬುದಕ್ಕೆ ಡ್ಯೂಟಿ ಸೈಕಲ್ ಎನ್ನುತ್ತಾರೆ. ಅದನ್ನು ತೋರಿಸುವ ಮೀಟರೊಂದನ್ನೂ ಮೆಕ್ಯಾನಿಕ್ ಕೂರಿಸಿಕೊಟ್ಟ. ಎಷ್ಟೇ ಜೋರಾಗಿ ಓಡಿಸಿದರೂ ಅದು ಎಂಬತ್ತು ದಾಟಲಿಲ್ಲ.

ವ್ಯಾಪಾರಿಗೆ ಸಮಾಧಾನವಾಗಲಿಲ್ಲ. ಉಳಿದ ಇಪ್ಪತ್ತು ದಂಡವಾಗುತ್ತಿದೆ ಎಂದ. ಅದು ಏರಿನಲ್ಲಿ ಬೇಕಾಗುತ್ತದೆ, ಇನ್ನೂ ಗಾಳಿ ಬೇಕಿದ್ದರೆ ದೊಡ್ಡ ಇಂಜೆಕ್ಟರ್ ಹಾಕಿಸಿ ಎಂದು ಮೆಕ್ಯಾನಿಕ್ ಹೇಳಿ ನೋಡಿದ. ವ್ಯಾಪಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರೆ ಗ್ಯಾರೇಜಿಗೆ ಹೋಗಿ, ಇದ್ದ ಇಂಜೆಕ್ಟರಿನಲ್ಲೇ ಗಾಳಿ ಹೆಚ್ಚಿಸಿಕೊಂಡು ಬಂದ. ಮೀಟರು ನೂರು ತೋರಿಸಿತು. ಮಗ ಪರೀಕ್ಷೆಯಲ್ಲಿ ನೂರಕ್ಕೆ ನೂರು ತಂದಷ್ಟು ಹಿಗ್ಗು ಅವನಿಗೆ. ಕಾರು ಹತ್ತಿದವರಿಗೆಲ್ಲ ಮೊದಲು ಮೀಟರು ತೋರಿಸುತ್ತಿದ್ದ.

ಬಯಲಿನ ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಓಡಿತು. ಒಂದು ದಿನ ಹೆಂಡತಿಯನ್ನು ಕೂರಿಸಿಕೊಂಡು ಘಾಟಿ ಹತ್ತಿದ. ಏರಿನಲ್ಲಿ ಎಂಜಿನ್ ಇನ್ನಷ್ಟು ಪೆಟ್ರೋಲು ಕೇಳಿತು. ಮೀಟರು ನೂರರಲ್ಲೇ ನಿಂತಿತ್ತು. ಅದನ್ನು ನೋಡಿ ಧೈರ್ಯ ತಂದುಕೊಂಡ ವ್ಯಾಪಾರಿ ಕಾಲನ್ನು ಮತ್ತೂ ಒತ್ತಿದ. ಗಾಳಿ ಹೆಚ್ಚಾಗಿ, ಪೆಟ್ರೋಲು ಸಾಲದೆ, ಎಂಜಿನ್ ಮಿತಿಮೀರಿ ಕಾದು ಪಿಸ್ಟನ್ ಕರಗಿತು. ತಿರುವಿನಲ್ಲಿ ಹೊಗೆ ಬಿಟ್ಟು ಕಾರು ನಿಂತುಹೋಯಿತು.

ವ್ಯಾಪಾರಿ ಮೊದಲಿನ ಮೆಕ್ಯಾನಿಕ್ಕನನ್ನೇ ಕರೆಸಿದ. ಇಂಜೆಕ್ಟರ್ ಒಂದು ಗಳಿಗೆಯೂ ಮುಚ್ಚಿರಲಿಲ್ಲ, ಹಾಗಿದ್ದೂ ಪೆಟ್ರೋಲು ಹೇಗೆ ಕಡಿಮೆಯಾಯಿತು ಎಂದು ಕೇಳಿದ.

"ಬಯಲಿನ್ಯಾಗ ಪೂರಾ ತೆರೆದಿಟ್ಟಿದ್ರಲ್ಲರೀ ಸಾವ್ಕಾರ್ರ," ಎಂದ ಮೆಕ್ಯಾನಿಕ್.

ಕತೆ ಅಲ್ಲಿಗೆ ಮುಗಿಯಿತು. ಚನ್ನವೀರನಿಗೆ ನಗು ಬಂತು. ಪಾಪ, ಅಷ್ಟು ದೊಡ್ಡ ವ್ಯಾಪಾರಿಗೆ ಇಷ್ಟು ತಿಳಿಯಲಿಲ್ಲವೇ ಎಂದು ಮರುಗಿದ. ಅವನ ನಗು ನಿಲ್ಲುವವರೆಗೆ ಅಜ್ಜನವರು ಕಾದರು. ಆಮೇಲೆ ಮೆಲ್ಲನೆ ಕೇಳಿದರು.

"ನಿನ್ನೆ ಆ ತಾಯಿ ಬಂದಾಗ, ತೆರೀಲಿಕ್ಕೆ ನಿನ್ನೊಳಗ ಏನು ಉಳಿದಿತ್ತಪ್ಪಾ?"