ತಾಯಿಗಿಡ ಕೇಳಿದ ಡಂಗುರದವನು

ಹೊಂಬಾಳಪುರದ ಕೆರೆ ನೀರು ಕುಡಿದು ಮೂರು ಮನೆಗಳಲ್ಲಿ ವಾಂತಿಭೇದಿ ಶುರುವಾಗಿತ್ತು. ಮಾರನೇ ದಿನ ಕೆರೆ ದುರಸ್ತಿ ನೋಡಲು ದಿವಾನರು ಬರುವವರಿದ್ದರು. ಅಮಲ್ದಾರರು ಡಂಗುರ ಸಾರುವ ಚಿಕ್ಕೀರನನ್ನು ಕಚೇರಿಗೆ ಕರೆಸಿದರು.

“ನೀರು ಶುದ್ಧವಾಗಿದೆ, ಕುಡೀರಿ ಅಂತ ಸಾರು. ಇದಕ್ಕೆ ಪ್ರಾಪಗ್ಯಾಂಡ ಅಂತಾರೆ.”

ಚಿಕ್ಕೀರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಲ್ಲೆ ಎಂದರೆ ಕೆಲಸ ಹೋಗುತ್ತದೆ. ಸಾರಿದರೆ ಊರೇ ಹೋಗುತ್ತದೆ.

“ಹಂಗಂದ್ರೇನು ಬುದ್ದೀ?”

ಅಮಲ್ದಾರರು ಮೀಸೆ ನೀವಿದರು. “ರೋಮಿನ ಪಾದ್ರಿಗಳು ಧರ್ಮ ಹಬ್ಬಿಸೋಕೆ ಬಳಸಿದ ಮಾತು. ಮೂಲದಲ್ಲಿ ತೋಟದ ಕೆಲಸ. ಗಿಡದ ಕಡ್ಡಿ ಮುರಿದು ನೆಟ್ಟು ಹಬ್ಬಿಸೋದು. ನಿನಗೇನು ತಿಳಿಯುತ್ತೆ?”

“ತಿಳೀತು ಬುದ್ದೀ. ಕಡ್ಡಿ ಮುರಿಯೋಕೆ ಮೊದಲು ತಾಯಿಗಿಡ ಬೇಕು. ಜನದ ಮುಂದೆ ತಾವೊಂದು ಲೋಟ ಕುಡೀರಿ. ಅದನ್ನೇ ಮನೆಮನೆಗೂ ನೆಟ್ಟು ಬರ್ತೀನಿ.”

ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. ಜವಾನ ಕೆರೆ ನೀರು ತಂದುಕೊಟ್ಟ. ಅಮಲ್ದಾರರು ಲೋಟವನ್ನು ತುಟಿಯವರೆಗೆ ಒಯ್ದರು. ತುಂಬಿದ ಲೋಟ ಹಾಗೇ ಮೆಲ್ಲಗೆ ಮೇಜಿನ ಮೇಲೆ ಕೂತಿತು.

ಚಿಕ್ಕೀರ ಕೈಮುಗಿದು ಬೀದಿಗಿಳಿದ. ತಮಟೆ ಬಾರಿಸಿದ.

“ಕೇಳ್ರಪ್ಪೋ ಕೇಳಿ. ಕೆರೆ ನೀರು ಕುಡೀಬೇಡಿ. ಹೆಂಗೆ ಬಿಡಬೇಕು ಅಂತ ಅಮಲ್ದಾರರೇ ಮುಂದೆ ನಿಂತು ತೋರಿಸವ್ರೆ.”