ತೊಂಬೆ ನಲ್ಲಿಯ ಮಹಜರು

ಗುಂಡಿಗೆ ಅಂದರೆ ನಮ್ಮೂರ ನೀರುಗಂಟಿಯದು ಕಣ್ರಪ್ಪ! ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ.

ರಿಟೈರಾದ ಇನ್ಸ್‌ಪೆಕ್ಟರ್ ಚಿಕ್ಕಲಿಂಗೇಗೌಡರು ಆಗಷ್ಟೇ ಗೆದ್ದು ಪಂಚಾಯ್ತಿ ಅಧ್ಯಕ್ಷರಾಗಿದ್ದರು. ಕುರ್ಚಿ ಬದಲಾಗಿತ್ತು, ಮೀಸೆ ಬದಲಾಗಿರಲಿಲ್ಲ. ಎದುರು ಬಂದವರೆಲ್ಲ ಸೆಲ್ಯೂಟ್ ಹೊಡೆಯಬೇಕು. ಅಂಥದ್ದರಲ್ಲಿ ಬೀದಿಯಲ್ಲಿ ನೀರು ತುಂಬಿಡುವ ತೊಂಬೆಯ ಹಸಿರು ಬಣ್ಣದ ನಲ್ಲಿ ಕಳುವಾಯಿತು.

"ಸಂಜೆಯೊಳಗೆ ಕಳ್ಳ ಸಿಗಬೇಕು. ಇಲ್ದಿದ್ರೆ ನೀನೇ ಕಳ್ಳ, ಕೆಲಸದಿಂದ ಕಿತ್ತಾಕ್ತೀನಿ!" ಅಂತ ನೀರುಗಂಟಿಯ ಮೇಲೆ ಗುಡುಗಿದರು.

ಅವನು ಕೈಕಟ್ಟಿ ಅಂದ: "ಮನೆಮನೆ ಹುಡುಕಾನ ಬುದ್ಧಿ. ಆದ್ರೆ ಜನ ಒಳಕ್ಕೆ ಬಿಡಾಕಿಲ್ಲ. ಮೊದ್ಲು ತಮ್ಮ ಮನೇನೇ ನೋಡುದ್ರೆ ಆಮೇಲೆ ಯಾರು ಬಾಯಿ ಬಿಟ್ಟಾರು?"

ಸಾಹೇಬರು ಉಬ್ಬಿಹೋದರು. "ಭೇಷ್! ಸಾಕ್ಷಿ ಕರಿ. ಮಹಜರು ಬರೀಲಿ!"

ಊರೆಲ್ಲ ಹಿಂದೆ ಹೋದೆವು. ನೋಡಿದರೆ, ಅವರದೇ ಹಿತ್ತಲ ಡ್ರಮ್ಮಿಗೆ ಕೂರಿಸಿದ ಹಸಿರು ನಲ್ಲಿ ತೊಟ್ಟಿಕ್ಕುತ್ತಿದೆ! ಗೌಡರ ಹೆಂಡತಿ ಸೆರಗು ಕಚ್ಚಿಕೊಂಡರು. "ಎಮ್ಮೆಗೆ ನೀರು ಮೊಗೆದು ಸಾಕಾಗಿತ್ತು ಕಣ್ರೀ. ಅಧ್ಯಕ್ಷರ ಮನೆಗೆ ಒಂದು ನಲ್ಲಿ ಬೇಡ್ವಾ?"

ಸಾಹೇಬರ ಮೀಸೆ ಇಳಿಯಿತು. ನೀರುಗಂಟಿಯತ್ತ ತಿರುಗಿದರು. "ನಿನಗೆ ಮೊದಲೇ ಗೊತ್ತಿತ್ತೇನೋ?"

"ಬೀದಿಬೀದಿ ನೀರು ಬಿಡೋನಿಗೆ ಹಿತ್ತಲು ಕಾಣಾಕಿಲ್ವಾ ಬುದ್ಧಿ? ನಾನು ಹೇಳುದ್ರೆ ಚಾಡಿ. ತಾವೇ ಹಿಡಿದ್ರೆ ಕಾನೂನು."

ಸಾಹೇಬರು ಮಹಜರಿಗೆ ಸಹಿ ಹಾಕಿದರು. ಆಮೇಲೆ ಕಾಲು ಜೋಡಿಸಿ ನಿಂತು, ನೀರುಗಂಟಿಗೆ ಸೆಲ್ಯೂಟ್ ಹೊಡೆದರು!

ಆ ಒಂದು ಸೆಲ್ಯೂಟಿಗೇ ಊರು ಅವರನ್ನು ಇನ್ನೆರಡು ಸಲ ಗೆಲ್ಲಿಸಿತು. ಹೆಂಡತಿಯ ಓಟು ಮಾತ್ರ ಬೀಳಲಿಲ್ಲವಂತೆ.