ಕೊನೇ ಅಂಕಣದ ಕುಂಕುಮದ ಬಟ್ಟಲು

ಒಂದಾನೊಂದು ಕಾಲದಲ್ಲಿ, ಅಂದ್ರೆ ರಾಜರ ಕಾಲ ಅಲ್ಲ ಕೂಸೇ, ನನ್ನ ಆನೆ ಚಿತ್ರ ನುಂಗಿಬಿಡ್ತು ಅಂತ ಅತ್ತು ದಿಂಬಿನ ಕೆಳಗೆ ತುರುಕಿದ್ದೀಯಲ್ಲ ಟ್ಯಾಬು, ಅಂಥದ್ದೇ ಒಂದರ ಒಳಗೆ ಒಂದು ದೊಡ್ಡ ಛತ್ರ ಇತ್ತಂತೆ. ಛತ್ರದ ಹೆಸರು ಮೆಮೊರಿ. ಅದಕ್ಕೆ ಸಾವಿರ ಅಂಕಣ, ಕಂಬದಿಂದ ಕಂಬಕ್ಕೆ ಒಂದೊಂದು. ಯಾರಿಗೆ ಎಷ್ಟು ಜಾಗ ಅಂತ ಹೇಳೋಕೆ ಒಬ್ಬ ಪಾರುಪತ್ಯಗಾರ, ಆಪರೇಟಿಂಗ್ ಸಿಸ್ಟಂ ಅಂತ ಅವನ ಹೆಸರು. ಅಲ್ಲಿಗೆ ಕೆಲಸಕ್ಕೆ ಬರೋರನ್ನೆಲ್ಲ ಪ್ರೋಗ್ರಾಂ ಅಂತಿದ್ರಂತೆ.

ಒಂದಿನ ಒಂದೇ ತಾಯಿ ಮಕ್ಕಳು ಮೂರು ಜನ ಬಂದ್ರಂತೆ. ಹಾಡು ನುಡಿಸೋ ಹಾಡಪ್ಪ, ಚಿತ್ರ ಬರೆಯೋ ಚಿತ್ರಪ್ಪ, ಕಾಗದ ಮುಟ್ಟಿಸೋ ಓಲಮ್ಮ. ಹಾಡಪ್ಪ ಛತ್ರದ ಒಂದು ಮೂಲೇಲಿ ತನಗೇ ಅಂತ ಮಂಟಪ ಕಟ್ಟಿಸ್ಕೊಂಡು, ಹಾಡು ಮುಗಿದ ಕೂಡ್ಲೇ ಬಿಚ್ಚಿ ಜಾಗ ತಿರುಗಿ ಕೊಟ್ಟುಬಿಡ್ತಿದ್ನಂತೆ. ಚಿತ್ರಪ್ಪ ಹಾಗಲ್ಲ, ಗೋಡೆಯಿಂದ ಶುರು ಮಾಡಿ ಸಾಲಾಗಿ ಹತ್ತಂಕಣ ಕೇಳ್ದ, ಆಮೇಲೆ ಅದನ್ನ ನೂರು ಮಾಡಿಸ್ಕೊಂಡ, ಆಮೇಲೆ ಎಂಟುನೂರು. ಕೇಳಿದಾಗೆಲ್ಲ ಪಾರುಪತ್ಯಗಾರ ಹಗ್ಗ ಮುಂದಕ್ಕೆ ಎಳೆದು, ಇಲ್ಲೀತನಕ ನಿಂದು ಅಂತ ಗೂಟ ಹೊಡೀತಿದ್ನಂತೆ. ಅಷ್ಟು ಜಾಗ ಯಾತಕ್ಕೆ ಅಂತೀಯಾ? ಬಣ್ಣದ ಬಟ್ಟಲು ಇಡೋಕೆ! ಒಂದು ಪುಟ್ಟ ಹುಡುಗಿಗೆ ಆನೆ ಬರೆದು ಕೊಡ್ತೀನಿ ಅಂತ ಮಾತು ಕೊಟ್ಟಿದ್ದ.

ಆಮೇಲೆ ಓಲಮ್ಮ ಗಂಟು ಹೊತ್ಕೊಂಡು ಬಂದು, ನನಗೊಂದು ನಾಕಂಕಣ ಕೊಡಿ ಸ್ವಾಮಿ ಅಂದ್ಲಂತೆ. ಪಾರುಪತ್ಯಗಾರ ನೋಡ್ತಾನೆ, ಜಾಗಾನೇ ಇಲ್ಲ! ಉಳಿದ ಇನ್ನೂರಂಕಣದಲ್ಲಿ ಬೇರೆ ಪ್ರೋಗ್ರಾಂಗಳೆಲ್ಲ ಕಿಕ್ಕಿರಿದು ಕೂತಿದ್ರಂತೆ. ಪಾರುಪತ್ಯಗಾರ ಓಡಿಹೋಗಿ, ಚಿತ್ರಪ್ಪ, ಬೇಡದ ಜಾಗ ಬಿಟ್ಕೊಡಪ್ಪ ಅಂದ. ಚಿತ್ರಪ್ಪ ಜಂಬದಲ್ಲಿ, ನಾನಾ? ಆನೆ ಮುಗೀತಾ ಬಂತು, ಎಲ್ಲಾ ಬಟ್ಟಲೂ ತೊಳೆದಾಯ್ತು, ನೆಲ ಗುಡಿಸಿ ಯಾವತ್ತೋ ಬಿಟ್ಟಾಯ್ತು, ಬಂದು ನೋಡಿ ಅಂದ್ನಂತೆ. ಪಾರುಪತ್ಯಗಾರ ಹೋಗಿ ನೋಡಿ ಬಾಯಿ ಮೇಲೆ ಕೈ ಇಟ್ಕೊಂಡ. ಅಂಕಣ ಅಂಕಣವೇ ಖಾಲಿ ಹೊಡೀತಿದೆ, ಹಗ್ಗ ಮಾತ್ರ ಎಲ್ಲಿತ್ತೋ ಅಲ್ಲೇ! ಅಲ್ಲಯ್ಯಾ, ಗುಡಿಸಿದ್ರೆ ಬಿಟ್ಟ ಹಾಗೇನೋ? ನನಗೆ ತಿರುಗಿ ಕೊಟ್ಯಾ ಅಂದ. ಚಿತ್ರಪ್ಪ ತಲೆ ಕೆರ್ಕೊಂಡು, ಮತ್ತೆ ಬೇಕಾದ್ರೆ ನಿಮ್ಮ ಹತ್ರ ಯಾರು ಬಂದು ಕೇಳೋದು ಅಂತ ನನ್ನ ಹತ್ರಾನೇ ಇಟ್ಕೊಂಡೆ ಅಂದ್ನಂತೆ. ನೋಡು ಕೂಸೇ, ಪಕ್ಕದ ಮನೆ ಪಾತ್ರೆ ಇಸ್ಕೊಂಡು, ಫಳಫಳ ಬೆಳಗಿ, ನಮ್ಮ ಅಟ್ಟದ ಮೇಲೇ ಇಟ್ಕೊಂಡ ಹಾಗೆ!

ಸರಿ, ಈಗ ಕೊಡು ಅಂತ ಪಾರುಪತ್ಯಗಾರ ಕೊನೇ ಗೂಟ ಕಿತ್ತು ಹಗ್ಗ ಸುತ್ತೋಕೆ ಹೋದ್ರೆ, ಅಯ್ಯಯ್ಯೋ, ಸುತ್ತೋಕೇ ಆಗ್ಲಿಲ್ಲಂತೆ! ಆ ಛತ್ರದ ಪದ್ಧತಿ ಹಾಗೆ, ಹಗ್ಗ ಕೊನೆಯಿಂದಲೇ ಸುತ್ಕೊಂಡು ಬರಬೇಕು, ಬಳಸ್ತಿರೋ ಸಾಮಾನು ಅಡ್ಡ ಇದ್ರೆ ಅಲ್ಲಿಗೇ ನಿಂತುಹೋಗುತ್ತೆ. ಏಳುನೂರ ತೊಂಬತ್ತೊಂಬತ್ತು ಅಂಕಣ ಖಾಲಿ, ಕಟ್ಟಕಡೇ ಅಂಕಣದಲ್ಲಿ ಒಂದು ಬಟ್ಟಲು. ಎಷ್ಟು ದೊಡ್ಡದು ಅಂತೀಯಾ? ನಿನ್ನ ಕಿರುಬೆರಳಿನ ಉಗುರಷ್ಟು! ಅದರಲ್ಲಿ ಒಂದು ಹನಿ ಕೆಂಪು. ಆನೆ ಹಣೆಗೆ ಕುಂಕುಮ ಇಡೋಕೆ ಆಮೇಲೆ ಬೇಕಾಗುತ್ತೆ ಅಂತ ಇಟ್ಟಿದ್ನಂತೆ ಪುಣ್ಯಾತ್ಮ. ಒಂದು ಹನಿ ಕುಂಕುಮಕ್ಕೆ ಎಂಟುನೂರು ಅಂಕಣವೇ ಅಂತ ಓಲಮ್ಮ ಗಂಟು ಕೆಳಗೆ ಹಾಕಿ ಕೂತೇಬಿಟ್ಲಂತೆ.

ಅಷ್ಟೊತ್ತಿಗೆ ಬಂತು ಇನ್ನೊಂದು ಗಂಡಾಂತರ, ಎಲ್ಲಕ್ಕಿಂತ ಭಯಂಕರದ್ದು. ಛತ್ರದಲ್ಲಿ ಜಾಗ ತೀರಿಹೋದ್ರೆ ಒಬ್ಬ ದೊಣ್ಣೆಯವನು ಬರ್ತಾನೆ. ಅವನು ಯಾರು ಎಷ್ಟು ಬಳಸ್ತಿದ್ದಾರೆ ಅಂತ ನೋಡಲ್ಲ, ಯಾರ ಹಗ್ಗ ಉದ್ದ ಅಂತ ನೋಡ್ತಾನೆ. ಅವರನ್ನ ಕತ್ತು ಹಿಡಿದು ಆಚೆ ನೂಕ್ತಾನೆ, ಕೈಲಿದ್ದ ಕೆಲಸಾನೂ ಅಲ್ಲಿಗೆ ಮಣ್ಣುಪಾಲು. ದೊಣ್ಣೆಯವನು ಬಂದವನೇ ಚಿತ್ರಪ್ಪನ ಕತ್ತಿಗೆ ಕೈ ಹಾಕಿದ್ನಂತೆ. ಆಗ ಓಲಮ್ಮ ಕಿರಿಚಿದ್ಲು, ಅಣ್ಣಾ, ಆಮೇಲೆ ಆಮೇಲೆ ಅಂತ ಯಾಕೋ ಸಾಯ್ತೀಯಾ, ಕುಂಕುಮ ಈಗಲೇ ಇಟ್ಟುಬಿಡೋ!

ಚಿತ್ರಪ್ಪ ಕೊಸರಿಕೊಂಡು ಓಡಿದ, ಆ ತುದೀಲಿದ್ದ ಬಟ್ಟಲಿಗೆ ಬೆರಳು ಅದ್ದಿದ, ಈ ತುದೀಗೆ ಓಡಿಬಂದು ಗೋಡೆಗೆ ತೂಗುಹಾಕಿದ್ದ ಆನೆ ಚಿತ್ರದ ಹಣೆಗೆ ಕುಂಕುಮ ಇಟ್ಟ, ಆನೆ ಮುಗೀತು, ಬಟ್ಟಲು ತೊಳೆದ, ಎತ್ತಿದ. ಎತ್ತಿದ್ದೇ ತಡ, ಹಗ್ಗ ಸರಸರ ಸರಸರ ಅಂತ ಗೋಡೆತನಕ ಸುತ್ಕೊಂಡು ಬಂತಂತೆ! ದೊಣ್ಣೆಯವನು ಸಪ್ಪೆ ಮೋರೆ ಹಾಕ್ಕೊಂಡು ಹಿಂದಕ್ಕೆ ಹೋದ, ಓಲಮ್ಮ ತನ್ನ ನಾಕಂಕಣದಲ್ಲಿ ಗಂಟು ಬಿಚ್ಚಿದ್ಲು, ಮೊದಲನೇ ಕಾಗದದ ಜೊತೆ ಆನೇನೂ ಇಟ್ಟು ಆ ಪುಟ್ಟ ಹುಡುಗಿಗೆ ಮುಟ್ಟಿಸಿದ್ಲು, ಎಲ್ಲಾರೂ ಸುಖವಾಗಿದ್ರಂತೆ.

ನಿನ್ನ ಆನೆ ದೊಣ್ಣೆಯವನ ಕೈಗೆ ಸಿಕ್ಕಿ ಹೋಯ್ತು, ನಿಜ ಕಣೇ, ನನಗೂ ಹೊಟ್ಟೆ ಉರೀತು. ನಾಳೆ ಇಬ್ರೂ ಸೇರಿ ಇನ್ನೊಂದು ಬರೆಯೋಣ, ಕುಂಕುಮ ಮೊದಲೇ ಇಡೋಣ. ಈಗ ಹಾಸಿಗೆ ಆ ಅಂಚಿನಲ್ಲಿ ಒಂದು ಗೊಂಬೆ ಮಲಗಿಸಿ, ಈ ಅಂಚಿನಲ್ಲಿ ನೀನು ಮಲಗಿ, ನಡುವೆ ಇರೋದೆಲ್ಲ ನಂದು ಅಂತೀಯಲ್ಲ, ನಾನೆಲ್ಲಿ ಮಲಗ್ಲಿ? ಹಾಂ, ಹಾಗೆ, ಗೊಂಬೆ ಎತ್ತಿ ಎದೆಗವಚಿಕೋ. ಕತೆ ಮುಗೀತು, ಕತೆ ಕೂತಿದ್ದ ಜಾಗ ಖಾಲಿಯಾಯ್ತು, ಅಲ್ಲಿ ನಿದ್ದೆ ಬಂದು ಕೂತ್ಕೊಳ್ಲಿ.